ಮದೂರೊ ಸಿಗಾರ್: ಮಾಗಿದ ಎಲೆಯ ರುಚಿ ನೋಡುವ ಬಗೆ

ಪಿರಿಯಾಪಟ್ಟಣದ ಕಡೆಯ ನಮ್ಮ ಮನೆಯಲ್ಲಿ ಕಪ್ಪು ಎಲೆ ಎಂದರೆ ನಷ್ಟ. ಎಲೆ ಒಣಗಿಸುವ ಬ್ಯಾರನ್ನಿನಲ್ಲಿ ಹದ ತಪ್ಪಿ ಹೊಗೆಸೊಪ್ಪು ಕಪ್ಪಿಟ್ಟಿತೆಂದರೆ, ಕಗ್ಗುಂಡಿಯ ಹರಾಜು ಮಾರುಕಟ್ಟೆಯಲ್ಲಿ ಆ ಬೇಲಿನ ಮುಂದೆ ಖರೀದಿದಾರರು ಕಾಲು ನಿಲ್ಲಿಸುತ್ತಿರಲಿಲ್ಲ. ಬೆಲೆಯೆಲ್ಲ ಹಳದಿಗೆ. ಹಳದಿ ಎಷ್ಟು ಹೊಳೆಯಿತೋ ಅಷ್ಟು ಕಾಸು. ಹಾಗಾಗಿ ಮೊದಲ ಸಲ ಮದೂರೊ ಸಿಗಾರ್ ಕೈಗೆ ಬಂದಾಗ ನನ್ನ ಕಣ್ಣು ಅದನ್ನು ಕೆಟ್ಟ ಮಾಲೆಂದೇ ಎಣಿಸಿತು. ಹುರಿದ ಕಾಫಿ ಬೀಜದ ಬಣ್ಣ, ಮೇಲೆ ಎಣ್ಣೆ ಸವರಿದಂಥ ಮಿರುಗು. ತಂದುಕೊಟ್ಟ ಸೋದರಳಿಯನಿಗೂ ಅನುಮಾನವೇ: "ಮಾವ, ಇಷ್ಟು ಕಪ್ಪಗಿದೆ, ತುಂಬಾ ಸ್ಟ್ರಾಂಗ್ ಇರಬೇಕು ಅಲ್ವಾ?"

ಈ ಪ್ರಶ್ನೆಯನ್ನು ನಾನು ಆಮೇಲೆ ಹತ್ತಾರು ಬಾಯಲ್ಲಿ ಕೇಳಿದ್ದೇನೆ. ಉತ್ತರ: ಇರಬೇಕಾಗಿಲ್ಲ. ಕಪ್ಪು ಬಣ್ಣ ಹೇಳುವುದು ಎಲೆ ಎಷ್ಟು ಮಾಗಿದೆ ಎಂಬುದನ್ನು. ಎಷ್ಟು ಕಟು ಎಂಬುದನ್ನು ಹೇಳುವುದು ಒಳಗಿನ ಹೂರಣ. ಇದೊಂದು ತಿಳಿದರೆ ಕಪ್ಪು ಸಿಗಾರಿನ ಗುಣ ಅಳೆಯುವ ಅರ್ಧ ಕೆಲಸ ಮುಗಿದಂತೆ. ಉಳಿದರ್ಧಕ್ಕೆ ಮೂಗು, ನಾಲಗೆ ಮತ್ತು ಒಂದೂವರೆ ಗಂಟೆಯ ಬಿಡುವು ಬೇಕು.

ಮುಂದೆ ಹೋಗುವ ಮೊದಲು ಹೇಳಲೇಬೇಕಾದ ಮಾತೊಂದಿದೆ. ಸಿಗಾರಿನ ಹೊಗೆ ಬಾಯಿ, ಗಂಟಲು, ಅನ್ನನಾಳ, ಶ್ವಾಸಕೋಶಗಳ ಕ್ಯಾನ್ಸರಿಗೆ ಕಾರಣ. ದೊಡ್ಡದೊಂದು ಸಿಗಾರಿನಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು ಎಂದು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಹೇಳುತ್ತದೆ. ಹೊಗೆಯನ್ನು ಒಳಗೆಳೆಯದಿದ್ದರೂ ಬಾಯಿಗೆ ಅಪಾಯ ತಪ್ಪದು. ಈವರೆಗೆ ತಂಬಾಕು ಮುಟ್ಟದವರು ಈ ಲೇಖನ ಓದಿ ಶುರು ಮಾಡಬೇಡಿ. ಇದನ್ನು ಬರೆಯುತ್ತಿರುವುದು ಆಗೊಮ್ಮೆ ಈಗೊಮ್ಮೆ ಒಂದು ಸಿಗಾರ್ ಸೇದುವ, ಸೇದುವುದಾದರೆ ಏನು ಸೇದುತ್ತಿದ್ದೇನೆಂದು ತಿಳಿಯಬಯಸುವ ವಯಸ್ಕರಿಗೆ. ನಾನೇ ತಿಂಗಳಿಗೆ ಒಂದರ ಮೇಲೆ ಹೋಗುವುದಿಲ್ಲ.

ಕಪ್ಪು ಎಲ್ಲಿಂದ ಬಂತು

ಸ್ಪ್ಯಾನಿಷ್ ಭಾಷೆಯಲ್ಲಿ ಮದೂರೊ ಎಂದರೆ ಮಾಗಿದ್ದು, ಹಣ್ಣಾದದ್ದು. ಬಾಳೆಗೂ ಅದೇ ಮಾತು, ಎಲೆಗೂ ಅದೇ ಮಾತು. ಕೈಯಲ್ಲಿ ಸುತ್ತಿದ ಸಿಗಾರಿಗೆ ಮೂರು ಭಾಗ. ನಡುವೆ ಉದ್ದುದ್ದ ಎಲೆಗಳ ಹೂರಣ. ಅದನ್ನು ಹಿಡಿದಿಡುವ ಒಳಸುತ್ತು. ಎಲ್ಲಕ್ಕೂ ಮೇಲೆ ಕಣ್ಣಿಗೆ ಕಾಣುವ ಹೊರಸುತ್ತು, ಅಂಗಡಿಯವರ ಮಾತಿನಲ್ಲಿ ರ‍್ಯಾಪರ್. ಮದೂರೊ ಎನ್ನುವುದು ಈ ಹೊರಸುತ್ತಿನ ಎಲೆಗೆ ಸಂದ ಹೆಸರು. ಅದು ತಳಿಯ ಹೆಸರೂ ಅಲ್ಲ, ಊರಿನ ಹೆಸರೂ ಅಲ್ಲ. ಅದೊಂದು ಸಂಸ್ಕರಣೆ.

ನಮ್ಮ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಬೆಳೆಯುವುದು ವರ್ಜೀನಿಯಾ ತಂಬಾಕು. ಅದನ್ನು ಕೊಳವೆಯ ಬಿಸಿಯಲ್ಲಿ ಒಂದು ವಾರದೊಳಗೆ ಬೇಯಿಸಿ ಒಣಗಿಸಿ, ಹಳದಿ ಬಣ್ಣವನ್ನೂ ಎಲೆಯೊಳಗಿನ ಸಕ್ಕರೆಯನ್ನೂ ಹಾಗೇ ಹಿಡಿದಿಡುತ್ತಾರೆ. ಸಿಗಾರಿನ ಎಲೆಗೆ ಇಂಥ ಅವಸರವಿಲ್ಲ. ಗಾಳಿಯಾಡುವ ಕೊಟ್ಟಿಗೆಯಲ್ಲಿ ಒಂದೂವರೆ ಎರಡು ತಿಂಗಳು ತೂಗುಹಾಕಿ ಒಣಗಿಸುತ್ತಾರೆ. ಆಮೇಲೆ ಸ್ವಲ್ಪ ನೀರು ಚಿಮುಕಿಸಿ, ಎಲೆಯ ಕಟ್ಟುಗಳನ್ನು ಆಳೆತ್ತರದ ಮೆದೆಯಾಗಿ ಒಟ್ಟುತ್ತಾರೆ. ಹಸಿ ಹುಲ್ಲು ಒಟ್ಟಿದ ಮೆದೆಯೊಳಗೆ ಕೈ ತೂರಿಸಿದವರಿಗೆ ಮುಂದೇನಾಗುತ್ತದೆಂದು ಗೊತ್ತು. ಒಳಗೆ ತಾನೇ ತಾನಾಗಿ ಕಾವು ಏಳುತ್ತದೆ, ಮೂಗಿಗೆ ಹೊಡೆಯುವ ಅಮೋನಿಯಾ ಹೊರಬೀಳುತ್ತದೆ. ಕಾವು ಹೆಚ್ಚಾದರೆ ಎಲೆ ಸುಟ್ಟುಹೋದೀತೆಂದು ಮೆದೆ ಬಿಚ್ಚಿ, ಒಳಗಿನದನ್ನು ಹೊರಗೆ, ಹೊರಗಿನದನ್ನು ಒಳಗೆ ಮಾಡಿ ಮತ್ತೆ ಒಟ್ಟುತ್ತಾರೆ. ತಿಳಿ ಬಣ್ಣದ ಎಲೆಗೆ ಇಷ್ಟು ಕೆಲವು ತಿಂಗಳು ನಡೆದರೆ ಸಾಕು. ಮದೂರೊ ಮಾಡಬೇಕಾದರೆ ಇನ್ನೂ ಹೆಚ್ಚು ಕಾವು, ಇನ್ನೂ ಹೆಚ್ಚು ಕಾಲ. ಕೆಲವು ಎಲೆಗಳಿಗೆ ವರ್ಷಗಳೇ ಹಿಡಿಯುತ್ತವೆ. ಎಲೆಯ ಕಸರು ಹೋಗಿ, ಬೆಲ್ಲದ ಪಾಕದಂಥ ಒಂದು ಗಾಢ ಸಿಹಿ ಮೂಡುವುದು ಈ ಕಾವಿನಲ್ಲೇ.

ತೆಳು ಎಲೆ ಇಷ್ಟನ್ನು ತಾಳಲಾರದೆ ಹರಿದುಹೋಗುತ್ತದೆ. ಅದಕ್ಕೇ ಮದೂರೊಗೆ ದಪ್ಪ, ನರ ಎದ್ದ ಎಲೆಗಳನ್ನೇ ಆರಿಸುತ್ತಾರೆ. ಅಮೆರಿಕದ ಕನೆಕ್ಟಿಕಟ್ ನದಿ ಕಣಿವೆಯ ಬ್ರಾಡ್‌ಲೀಫ್ ಇವುಗಳಲ್ಲಿ ಹೆಸರಾಂತದ್ದು. ನೇರ ಬಿಸಿಲಲ್ಲಿ ಬೆಳೆಸಿ, ಎಲೆ ಎಲೆಯಾಗಿ ಮುರಿಯದೆ ಗಿಡವನ್ನೇ ಕಾಂಡಸಮೇತ ಕಡಿದು ತೂಗುಹಾಕುತ್ತಾರೆ. ಅದೇ ಕಣಿವೆಯಲ್ಲಿ ಬಟ್ಟೆಯ ಚಪ್ಪರದಡಿ ನೆರಳಲ್ಲಿ ಬೆಳೆಯುವ ಎಲೆ ಮಾತ್ರ ರೇಷ್ಮೆಯಂತೆ ತೆಳು, ಬಣ್ಣ ಬಿಸ್ಕತ್ತಿನಷ್ಟು ತಿಳಿ. ಒಂದೇ ಕಣಿವೆಯ ಮಣ್ಣಲ್ಲಿ ಇಷ್ಟು ದೂರದ ಎರಡು ರುಚಿ. ಮೆಕ್ಸಿಕೊದ ವೆರಾಕ್ರೂಸ್ ಪ್ರಾಂತ್ಯದ ಸ್ಯಾನ್ ಆಂದ್ರೆಸ್ ಎಲೆ ಇನ್ನೊಂದು. ಅದರಲ್ಲಿ ಮಣ್ಣಿನ ವಾಸನೆ, ಮೆಣಸಿನ ಚುರುಕು ಎರಡೂ ಮುಂದು. ಬ್ರೆಜಿಲಿನ ಬಾಹಿಯಾ ಪ್ರಾಂತ್ಯದ ಮಾತಾ ಫೀನಾದಲ್ಲಿ ಸಿಹಿ ಮುಂದು. ನಿಕರಾಗುವದ ಬಿಸಿಲಲ್ಲಿ ಬೆಳೆದ ಹಬಾನೊ ತಳಿಯ ಎಲೆಯನ್ನೂ ಮದೂರೊ ಮಾಡುತ್ತಾರೆ. ಕ್ಯೂಬಾದ ಕೊಹಿಬಾ 2007ರಲ್ಲಿ ಐದು ವರ್ಷ ಮಾಗಿಸಿದ ಹೊರಸುತ್ತಿನ 'ಮದೂರೊ 5' ಸಾಲನ್ನು ಹೊರತಂದಿತು.

ಕಟುತನದ ಮಾತಿಗೆ ಬರೋಣ. ನಿಕೋಟಿನ್ ಎಲ್ಲಕ್ಕಿಂತ ಹೆಚ್ಚಿರುವುದು ಗಿಡದ ತುದಿಯಲ್ಲಿ ಬಿಸಿಲು ಕುಡಿದು ದಪ್ಪಗಾದ ಎಲೆಗಳಲ್ಲಿ. ಇವಕ್ಕೆ ಲಿಗೆರೊ ಎಂದು ಹೆಸರು. ನಡುವಿನವು ಸೆಕೊ, ಬುಡದವು ವೊಲಾದೊ. ಹೂರಣದಲ್ಲಿ ಲಿಗೆರೊ ಎಷ್ಟು ಹಾಕಿದ್ದಾರೆ ಎಂಬುದರ ಮೇಲೆ ತಲೆ ತಿರುಗುವುದೋ ಇಲ್ಲವೋ ನಿಂತಿದೆ. ಕಪ್ಪು ಹೊರಸುತ್ತಿನೊಳಗೆ ಮೆತ್ತಗಿನ ಹೂರಣವಿರಬಹುದು, ಗೋಧಿ ಬಣ್ಣದ ಸಿಗಾರಿನೊಳಗೆ ಬೆವರು ಬಿಡಿಸುವ ಹೂರಣವಿರಬಹುದು. ನನಗೆ ಬೆವರು ಬಿಡಿಸಿದ ಸಿಗಾರ್ ತಿಳಿಗಂದು ಬಣ್ಣದ್ದೇ ಆಗಿತ್ತು.

ಕೊಳ್ಳುವಾಗ ಕಣ್ಣಿಗೆ, ಬೆರಳಿಗೆ ಕೆಲಸ

ಮಾಗಿಸುವುದಕ್ಕೆ ವರ್ಷಗಟ್ಟಲೆ ಬೇಕು, ಬಣ್ಣ ಬಳಿಯುವುದಕ್ಕೆ ಒಂದು ಮಧ್ಯಾಹ್ನ ಸಾಕು. ಎಲೆಯನ್ನು ಉಗಿಯಲ್ಲಿ ಬೇಯಿಸಿ ಕಪ್ಪು ಮಾಡುವವರೂ, ಬಣ್ಣ ಹಚ್ಚುವವರೂ ಇದ್ದಾರೆ. ವಿದೇಶದ ಒಂದು ಪ್ರವಾಸಿ ಊರಿನಲ್ಲಿ ನಾನು ಹೀಗೆ ಮೋಸಹೋದೆ. ಅಂಗಡಿಯಾತ ಎತ್ತಿಕೊಟ್ಟ ಸಿಗಾರ್ ತಲೆಯಿಂದ ಬುಡದವರೆಗೆ ಒಂದೇ ಸಮ ಕಪ್ಪು, ಶೂ ಪಾಲಿಶ್ ಹಾಕಿದ ಹಾಗೆ. ನನಗೆ ಅದೇ ಚಂದ ಕಂಡಿತು. ಹತ್ತು ನಿಮಿಷದ ಮೇಲೆ ಕರವಸ್ತ್ರದಲ್ಲಿ ತುಟಿ ಒರೆಸಿದರೆ ಶಾಯಿ ಒರೆಸಿದಂತಾಯಿತು, ನಾಲಗೆಯ ಮೇಲೆ ಕಬ್ಬಿಣ ನೆಕ್ಕಿದ ರುಚಿ.

ಅಂದಿನಿಂದ ನಾನು ಮಾಡುವ ಪರೀಕ್ಷೆ ಸುಲಭದ್ದು. ಬಿಳಿ ಕಾಗದದ ಕರವಸ್ತ್ರದ ತುದಿ ಒದ್ದೆ ಮಾಡಿ ಹೊರಸುತ್ತಿನ ಮೇಲೆ ಹಗುರಾಗಿ ಒತ್ತಿ ಎತ್ತುತ್ತೇನೆ. ಚಹಾದ ಕಲೆಯಷ್ಟು ತೆಳು ಕಂದು ಬಣ್ಣ ಬಂದರೆ ಚಿಂತೆಯಿಲ್ಲ, ಎಲೆಯ ಸಹಜ ಬಣ್ಣ ಅಷ್ಟು ಬಿಡುತ್ತದೆ. ಕಪ್ಪಗೆ ಹತ್ತಿಕೊಂಡರೆ ಆ ಸಿಗಾರ್ ಬೇಡ. ಮಾಗಿದ ಎಲೆಯ ಬಣ್ಣದಲ್ಲಿ ಏರುಪೇರು ಇದ್ದೇ ಇರುತ್ತದೆ. ನರದ ಬಳಿ ಸ್ವಲ್ಪ ತಿಳಿ, ಮಡಿಕೆಯ ಬಳಿ ಗಾಢ. ಮುಟ್ಟಿದರೆ ಸಣ್ಣ ಹರಳುಗಳಂಥ ಒರಟು ಸಿಗುತ್ತದೆ. ಮದೂರೊ ನುಣುಪಾಗಿರಬೇಕೆಂದು ಬಯಸುವುದೇ ತಪ್ಪು. ದಪ್ಪ ನರ, ಸ್ವಲ್ಪ ಉಬ್ಬುತಗ್ಗು ಈ ಎಲೆಯ ಹುಟ್ಟುಗುಣ. ಅದಕ್ಕೆ ಅಂಕ ಕಳೆಯಬೇಡಿ.

ಆಮೇಲೆ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ತಲೆಯಿಂದ ಬುಡದವರೆಗೆ ಮೆಲ್ಲನೆ ಒತ್ತುತ್ತ ಬನ್ನಿ. ಒಳ್ಳೆಯ ಸಿಗಾರ್ ಎಲ್ಲೆಡೆ ಒಂದೇ ಹದದಲ್ಲಿ ಬಾಗಿ ಹಿಂದಿರುಗುತ್ತದೆ. ಒಂದು ಕಡೆ ಕಲ್ಲಿನಂತೆ ಗಟ್ಟಿಯಿದ್ದರೆ ಅಲ್ಲಿ ಹೊಗೆ ಸಿಕ್ಕಿಕೊಳ್ಳುತ್ತದೆ. ಒಂದು ಕಡೆ ಪೊಳ್ಳಾಗಿದ್ದರೆ ಅಲ್ಲಿ ಬೇಗ ಉರಿದು ಬಿಸಿಯಾಗುತ್ತದೆ. ಒತ್ತಿದಾಗ ಚರಚರ ಸದ್ದು ಬಂದರೆ ಒಣಗಿದೆ.

ನಮ್ಮ ದೇಶದಲ್ಲಿ ಕೊಳ್ಳುವವರು ಪೆಟ್ಟಿಗೆಯ ಮೇಲೆ ಶೇ 85ರಷ್ಟು ಜಾಗದಲ್ಲಿ ಆರೋಗ್ಯ ಎಚ್ಚರಿಕೆಯ ಚಿತ್ರ ಇದೆಯೇ ನೋಡಿ. ಇಲ್ಲದಿದ್ದರೆ ಅದು ಕಾನೂನಿನ ದಾರಿಯಲ್ಲಿ ಬಂದ ಮಾಲಲ್ಲ, ಅಸಲಿ ಎನ್ನುವುದಕ್ಕೆ ಖಾತರಿಯೂ ಇಲ್ಲ. ಹೊರದೇಶದಿಂದ ಬರುವವರು ಸುಂಕವಿಲ್ಲದೆ ತರಬಹುದಾದದ್ದು ಬ್ಯಾಗೇಜ್ ನಿಯಮಗಳ ಪ್ರಕಾರ 25 ಸಿಗಾರ್. ಕರ್ನಾಟಕದಲ್ಲಿ 2025ರಿಂದ 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ. ಸಾರ್ವಜನಿಕ ಜಾಗದಲ್ಲಿ ಸೇದುವಂತೆಯೂ ಇಲ್ಲ.

ತಂದದ್ದನ್ನು ಇಡುವ ಬಗ್ಗೆ ನಮ್ಮಲ್ಲಿ ಅಸಡ್ಡೆ ಹೆಚ್ಚು. ಸಾವಿರಗಟ್ಟಲೆ ಕೊಟ್ಟು ತಂದ ಸಿಗಾರನ್ನು ಗೋದ್ರೆಜ್ ಬೀರುವಿನಲ್ಲಿ ಸೀರೆಗಳ ಪಕ್ಕ ನುಸಿಗುಳಿಗೆಯ ವಾಸನೆಯಲ್ಲಿ ಇಟ್ಟವರನ್ನು ಕಂಡಿದ್ದೇನೆ. ಸಿಗಾರಿಗೆ ಬೇಕಾದದ್ದು ಶೇ 65ರಿಂದ 70ರಷ್ಟು ಗಾಳಿಯ ತೇವ, 18ರಿಂದ 21 ಡಿಗ್ರಿ ತಂಪು. ಬಿಸಿ 24 ಡಿಗ್ರಿ ದಾಟಿದರೆ ಎಲೆಯೊಳಗೆ ಕಣ್ಣಿಗೆ ಕಾಣದಂತೆ ಕೂತಿರುವ ತಂಬಾಕು ಹುಳದ ಮೊಟ್ಟೆ ಒಡೆಯುವ ಭಯ. ಮರಿಗಳು ಸೂಜಿಮೊನೆಯಷ್ಟು ತೂತು ಕೊರೆದು ಇಡೀ ಪೆಟ್ಟಿಗೆ ಹಾಳುಮಾಡುತ್ತವೆ. ಮಂಗಳೂರಿನ ಮಳೆಗಾಲಕ್ಕೆ ಬೂಷ್ಟು, ಕಲಬುರಗಿಯ ಬೇಸಿಗೆಗೆ ಬಿರುಕು. ಹೀಗಾಗಿ ಗಾಳಿಯಾಡದ ಡಬ್ಬಿ ಮತ್ತು ಒಳಗೊಂದು ಶೇ 69ರ ತೇವ ನಿಯಂತ್ರಕ ಪೊಟ್ಟಣ ಬೇಕೇ ಬೇಕು. ಸಾಂಪ್ರದಾಯಿಕ ಪೆಟ್ಟಿಗೆಯ ಒಳಗೆ ಹಾಸುವುದು ಸ್ಪ್ಯಾನಿಷ್ ಸೀಡರ್. ಹೆಸರಿಗೆ ಸೀಡರ್, ಕುಲ ಮಾತ್ರ ನಮ್ಮ ಬೇವಿನದು. ಹುಳ ಹತ್ತಿರ ಸುಳಿಯದಂತೆ ನೋಡಿಕೊಳ್ಳುವ ವಾಸನೆ ಅದಕ್ಕೂ ಇದೆ.

ತೇವಮಾಪಕವನ್ನು ನಂಬುವ ಮೊದಲು ಅದನ್ನೂ ಪರೀಕ್ಷಿಸಿ. ಬಾಟಲಿಯ ಮುಚ್ಚಳಕ್ಕೆ ಅಡುಗೆ ಉಪ್ಪು ತುಂಬಿ, ಕರಗದಷ್ಟು ನಾಲ್ಕು ಹನಿ ನೀರು ಹಾಕಿ, ಮಾಪಕದ ಜೊತೆ ಜಿಪ್ ಚೀಲದಲ್ಲಿ ಮುಚ್ಚಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಅದು ಶೇ 75 ತೋರಿಸಬೇಕು. 71 ತೋರಿಸಿದರೆ ಮುಂದೆ ಪ್ರತಿಸಲ ನಾಲ್ಕು ಕೂಡಿಸಿ ಓದಿಕೊಂಡರಾಯಿತು.

ಹಚ್ಚುವ ಮೊದಲೇ ಅರ್ಧ ರುಚಿ

ಹೊಟ್ಟೆ ಖಾಲಿ ಇರುವಾಗ ಸಿಗಾರ್ ಮುಟ್ಟಬೇಡಿ. ಊಟವಾಗಿ ಒಂದು ಗಂಟೆ ಕಳೆದಿರಲಿ. ಆ ಊಟದಲ್ಲಿ ಖಾರದ ಚಟ್ನಿಪುಡಿ, ಆಮೇಲೆ ಎಲೆಅಡಿಕೆ ಇರದಿದ್ದರೆ ನಾಲಗೆ ಶುದ್ಧವಾಗಿರುತ್ತದೆ. ಪಕ್ಕಕ್ಕೆ ತಣ್ಣನೆಯ ಬರಿ ನೀರು ಸಾಕು. ಮದೂರೊಗೆ ಫಿಲ್ಟರ್ ಕಾಫಿ ಒಳ್ಳೆಯ ಜೋಡಿ ಎನ್ನುವುದು ನಿಜ, ನನಗೂ ಅದೇ ಇಷ್ಟ. ಆದರೆ ಗುಣ ಅಳೆಯುವ ದಿನ ಕಾಫಿ ಬೇಡ. ಕಾಫಿಯ ರುಚಿಯನ್ನೇ ಸಿಗಾರಿನದೆಂದು ಬರೆದುಕೊಳ್ಳುವ ತಪ್ಪು ಆಗುತ್ತದೆ. ಫ್ಯಾನ್ ಆರಿಸಿ. ಗಾಳಿ ಬೀಸುವ ಕಡೆ ಎಂಥ ಸಿಗಾರೂ ಓರೆಯಾಗಿ ಉರಿಯುತ್ತದೆ.

ಮೊದಲು ಹೊರಸುತ್ತಿನ ಮೈಯನ್ನು ಮೂಸಿ, ಆಮೇಲೆ ತೆರೆದ ಬುಡವನ್ನು. ಎರಡೂ ವಾಸನೆ ಬೇರೆ. ಒಳ್ಳೆಯ ಮದೂರೊದ ಮೈಯಲ್ಲಿ ಹಟ್ಟಿಯ ವಾಸನೆ ಇರುತ್ತದೆ. ಬೈಹುಲ್ಲು, ಒಣಗಿದ ಸಗಣಿ, ಹಳೇ ಚರ್ಮದ ಮಿಣಿ ಇಷ್ಟೂ ಬೆರೆತ ವಾಸನೆ. ಹಳ್ಳಿಯಲ್ಲಿ ಬೆಳೆದ ಮೂಗಿಗೆ ಇದು ತಟ್ಟನೆ ಗುರುತು ಸಿಗುತ್ತದೆ, ಹಿತವೂ ಆಗುತ್ತದೆ. ಬುಡದಲ್ಲಿ ಕೋಕೋ ಪುಡಿ, ಒಣದ್ರಾಕ್ಷಿ, ಕಾಕಂಬಿ. ಅಮೋನಿಯಾದ ಘಾಟು ಹೊಡೆದರೆ ಎಲೆ ಇನ್ನೂ ಮಾಗಿಲ್ಲ, ಸಿಗಾರನ್ನು ಆರು ತಿಂಗಳು ಡಬ್ಬಿಗೆ ಹಿಂದಿರುಗಿಸಿ.

ತಲೆಯ ಕಡೆ ಟೋಪಿಯಂತೆ ಅಂಟಿಸಿದ ಎಲೆಯ ಚೂರಿದೆಯಲ್ಲ, ಅದರ ಅಂಚಿನ ಗೆರೆಗಿಂತ ಮೇಲೆಯೇ ಕತ್ತರಿಸಬೇಕು. ಎರಡು ಮಿಲಿಮೀಟರ್ ಸಾಕು. ಗೆರೆ ದಾಟಿ ಕತ್ತರಿಸಿದರೆ ಹೊರಸುತ್ತು ಪೂರ ಬಿಚ್ಚಿಕೊಳ್ಳುತ್ತದೆ. ಕತ್ತರಿಯನ್ನು ಒಂದೇ ಪೆಟ್ಟಿಗೆ ಮುಚ್ಚಿ, ಅನುಮಾನದಿಂದ ಅಮುಕಿದರೆ ಎಲೆ ಜಜ್ಜಿಹೋಗುತ್ತದೆ. ಕತ್ತರಿಸಿದ ಮೇಲೆ ಬೆಂಕಿಯಿಲ್ಲದೆ ಒಮ್ಮೆ ಎಳೆದು ನೋಡಿ. ಗಟ್ಟಿ ಮಜ್ಜಿಗೆಯನ್ನು ಹೀರುಗೊಳವೆಯಲ್ಲಿ ಹೀರಿದಷ್ಟು ತಡೆ ಇರಬೇಕು. ನೀರು ಹೀರಿದಂತೆ ಸರಾಗವಾದರೆ ಹೂರಣ ಕಡಿಮೆ. ಕೆನ್ನೆ ಒಳಸೇದಿಹೋದರೆ ಹೂರಣ ತುರುಕಿದ್ದಾರೆ. ಈ ತಣ್ಣನೆಯ ಗುಟುಕಿನಲ್ಲಿ ನಾಲಗೆಗೆ ಸಿಕ್ಕ ರುಚಿಯನ್ನು ಆಗಲೇ ಬರೆದಿಟ್ಟುಕೊಳ್ಳಿ. ಹಚ್ಚಿದ ಮೇಲೆ ಅದು ನೆನಪಿಗೆ ಬರುವುದಿಲ್ಲ.

ಪೆಟ್ರೋಲ್ ಲೈಟರ್ ಬೇಡ, ಅದರ ವಾಸನೆ ಎಲೆಗೆ ಹತ್ತುತ್ತದೆ. ಬ್ಯೂಟೇನ್ ಲೈಟರ್ ಅಥವಾ ಉದ್ದನೆಯ ಕಡ್ಡಿ ಇರಲಿ, ಕಡ್ಡಿಯಾದರೆ ಗಂಧಕ ಉರಿದು ಹೋಗುವವರೆಗೆ ತಡೆಯಿರಿ. ಸಿಗಾರನ್ನು ಓರೆಯಾಗಿ ಹಿಡಿದು, ಜ್ವಾಲೆ ಬುಡಕ್ಕೆ ತಾಕದಂತೆ ಕೆಳಗಿಟ್ಟು, ಹಪ್ಪಳ ಕೆಂಡದ ಮೇಲೆ ತಿರುಗಿಸುವ ಹಾಗೆ ತಿರುಗಿಸುತ್ತ ಸುಡಿ. ಮದೂರೊ ಎಲೆ ದಪ್ಪ, ಎಣ್ಣೆಯ ಅಂಶ ಹೆಚ್ಚು. ಬೆಂಕಿ ಹಿಡಿಯಲು ಅರೆ ನಿಮಿಷ ತಡ. ಅವಸರ ಮಾಡಿ ಜ್ವಾಲೆಯೊಳಗೆ ತೂರಿಸಿದವರು ಮೊದಲ ಹತ್ತು ನಿಮಿಷ ಇದ್ದಿಲಿನ ಕಹಿಯನ್ನೇ ಸವಿಯಬೇಕು. ಸುತ್ತಲೂ ಬೂದಿಯ ಉಂಗುರ ಮೂಡಿ ನಡುವೆ ಕೆಂಪು ಹೊಳೆದಾಗ ಮೆಲ್ಲನೆ ಊದಿ ನೋಡಿ, ಕೆಂಪು ಸಮನಾಗಿದ್ದರೆ ಮೊದಲ ದಮ್ಮು ಎಳೆಯಿರಿ.

ಹೊಗೆ ಬಾಯಲ್ಲಿ, ಎದೆಗೆ ಬೇಡ

ಸಿಗರೇಟಿನ ರೂಢಿಯಿರುವವರು ತಪ್ಪುವುದು ಇಲ್ಲೇ. ಸಿಗರೇಟಿಗೆ ಹಾಕುವ ವರ್ಜೀನಿಯಾ ಎಲೆಯಲ್ಲಿ ಸಕ್ಕರೆ ಉಳಿದಿರುವುದರಿಂದ ಅದರ ಹೊಗೆ ಆಮ್ಲೀಯ. ಅದರ ನಿಕೋಟಿನ್ ರಕ್ತಕ್ಕೆ ಸೇರಲು ಶ್ವಾಸಕೋಶಕ್ಕೇ ಹೋಗಬೇಕು. ಸಿಗಾರಿನ ಎಲೆ ಗಾಳಿಯಲ್ಲಿ ಒಣಗಿ ಮೆದೆಯಲ್ಲಿ ಮಾಗುವಾಗ ಸಕ್ಕರೆ ಬಹುಪಾಲು ಕರಗಿಹೋಗಿರುತ್ತದೆ, ಹೊಗೆ ಕ್ಷಾರೀಯ. ನಿಕೋಟಿನ್ ಬಾಯಿಯ ಒಳಪೊರೆಯಿಂದಲೇ ಇಳಿಯುತ್ತದೆ. ಆದ್ದರಿಂದ ಹೊಗೆಯನ್ನು ಬಾಯಲ್ಲಿ ತುಂಬಿಕೊಂಡು, ನಾಲಗೆಯ ಮೇಲೆ ಎರಡು ಕ್ಷಣ ಹೊರಳಿಸಿ, ಬಿಟ್ಟುಬಿಡಬೇಕು. ಎದೆಗೆಳೆದರೆ ಕೆಮ್ಮು, ತಲೆಸುತ್ತು, ವಾಕರಿಕೆ ಗ್ಯಾರಂಟಿ. ದೊಡ್ಡ ಸಿಗಾರೊಂದರ ಎಲೆಯಲ್ಲಿ 100ರಿಂದ 200 ಮಿಲಿಗ್ರಾಂ ನಿಕೋಟಿನ್ ಇರಬಹುದು, ಒಂದು ಸಿಗರೇಟಿನಲ್ಲಿ ಸುಮಾರು 8ರಿಂದ 10. ಹಣೆಯಲ್ಲಿ ತಣ್ಣನೆ ಬೆವರೊಡೆದರೆ ಅಲ್ಲಿಗೇ ನಿಲ್ಲಿಸಿ. ಹೊರಗೆ ಗಾಳಿಗೆ ಕೂತು ನೀರು ಕುಡಿಯಿರಿ. ಬಲ್ಲವರು ಒಂದು ಚಮಚ ಸಕ್ಕರೆ ಬಾಯಿಗೆ ಹಾಕಿಕೊಳ್ಳುತ್ತಾರೆ. ದುಡ್ಡು ಕೊಟ್ಟದ್ದಕ್ಕೆ ಪೂರ ಸೇದಬೇಕೆಂಬ ಹಟ ಬೇಡವೇ ಬೇಡ.

ನಿಮಿಷಕ್ಕೊಂದು ದಮ್ಮು ಸರಿಯಾದ ಲೆಕ್ಕ. ಅದಕ್ಕಿಂತ ಬೇಗ ಎಳೆದರೆ ಕೆಂಡ ಕಾದು, ಎಲೆಯ ಸಿಹಿ ಸುಟ್ಟು ಕಹಿಯಾಗುತ್ತದೆ. ಮದೂರೊ ಕಹಿ ಎನ್ನುವ ದೂರಿನಲ್ಲಿ ಮುಕ್ಕಾಲು ಪಾಲು ಸೇದಿದವರ ಅವಸರದ್ದು. ತಡವಾದರೆ ಕೆಂಡ ಆರುತ್ತದೆ. ಆರಿದರೆ ನಾಚಿಕೆಯೇನಿಲ್ಲ, ಬೂದಿ ಉದುರಿಸಿ ಮತ್ತೆ ಹಚ್ಚಬಹುದು.

ನಾಲಗೆ ಹೇಳುವುದು ಸಿಹಿ, ಹುಳಿ, ಉಪ್ಪು, ಕಹಿ, ಒಗರು ಇಂಥವನ್ನೇ. ಕೋಕೋ, ಮೆಣಸು, ಮರ, ಮಣ್ಣು ಇವನ್ನು ಬಿಡಿಸುವುದು ಮೂಗು. ಅದಕ್ಕೊಂದು ಪಟ್ಟು ಇದೆ. ಬಾಯಲ್ಲಿರುವ ಹೊಗೆಯ ಬಹುಭಾಗ ಹೊರಬಿಟ್ಟು, ಉಳಿದ ಚೂರಿನೊಂದಿಗೆ ಬಾಯಿ ಮುಚ್ಚಿ, ಉಸಿರು ಒಳಗೆಳೆಯದೆ, ಮೂಗಿನಿಂದ ಮೆಲ್ಲನೆ ಹೊರಗೆ ತಳ್ಳಿ. ಮೊದಲ ಸಲ ಕಣ್ಣಲ್ಲಿ ನೀರು ಬರುತ್ತದೆ. ಐದಾರು ದಮ್ಮಿಗೆ ಒಮ್ಮೆ ಮಾಡಿದರೆ ಸಾಕು. ರುಚಿಯ ಹೆಸರುಗಳಿಗಾಗಿ ವಿದೇಶಿ ಪತ್ರಿಕೆಗಳ ಪಟ್ಟಿಯನ್ನು ಉರು ಹೊಡೆಯಬೇಡಿ. ಗ್ರಹಾಂ ಬಿಸ್ಕತ್ತು, ಮೇಪಲ್ ಪಾಕ ತಿಂದೇ ಇರದ ನಾಲಗೆ ಅವನ್ನು ಎಲ್ಲಿಂದ ಗುರುತಿಸೀತು? ನಮ್ಮ ಅಡುಗೆಮನೆಯಲ್ಲಿ ಹುರಿಗಡಲೆ ಇದೆ, ಜೋನಿಬೆಲ್ಲ ಇದೆ, ಸುಟ್ಟ ಕೊಬ್ಬರಿ, ಕರಿಮೆಣಸು, ಲವಂಗ, ಹುರಿದ ಎಳ್ಳು, ಮೊದಲ ಮಳೆಗೆ ನೆಂದ ಮಣ್ಣಿನ ವಾಸನೆ ಇದೆ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಒಂದು ಕಡೆ "ಅವಲಕ್ಕಿ ಒಗ್ಗರಣೆಯ ಕಡಲೆಕಾಯಿ, ಸ್ವಲ್ಪ ಸೀದದ್ದು" ಎಂದಿದೆ. ವರ್ಷದ ಮೇಲೆ ಓದಿದರೂ ಆ ಸಿಗಾರ್ ಬಾಯಿಗೆ ಬರುತ್ತದೆ.

ಒಂದು ಸಿಗಾರ್, ಮೂರು ಪಾಲು

ಸೋದರಳಿಯ ತಂದದ್ದು ಪಡ್ರೋನ್ 1964 ಆನಿವರ್ಸರಿ ಸಾಲಿನ ಎಕ್ಸ್‌ಕ್ಲೂಸಿವೊ, ಮದೂರೊ. ಕ್ಯೂಬಾ ಬಿಟ್ಟು ಮಯಾಮಿಗೆ ಬಂದ ಹೋಸೆ ಒರ್ಲಾಂಡೊ ಪಡ್ರೋನ್, ಗೆಳೆಯ ಕೊಟ್ಟ ಒಂದು ಸುತ್ತಿಗೆ ಹಿಡಿದು ಬಡಗಿ ಕೆಲಸ ಮಾಡಿ, 600 ಡಾಲರ್ ಕೂಡಿಸಿ 1964ರಲ್ಲಿ ಶುರುಮಾಡಿದ ಸಂಸ್ಥೆ ಅದು. ಮೂವತ್ತು ತುಂಬಿದ್ದಕ್ಕೆ 1994ರಲ್ಲಿ ಈ ಸಾಲು ಬಂತು. ಎಲೆಯೆಲ್ಲ ನಿಕರಾಗುವದ್ದು, ನಾಲ್ಕು ವರ್ಷ ಮಾಗಿಸಿದ್ದು. ಉದ್ದ ಐದೂವರೆ ಇಂಚು, ದಪ್ಪ 50 ರಿಂಗ್. ರಿಂಗ್ ಎಂದರೆ ಇಂಚಿನ 64ನೇ ಒಂದು ಭಾಗ, ಹಾಗಾಗಿ 50 ಎಂದರೆ ಇಪ್ಪತ್ತು ಮಿಲಿಮೀಟರಿಗೆ ಕೂದಲೆಳೆ ಕಡಿಮೆ. ದುಂಡಗಿಲ್ಲ, ಪೆಟ್ಟಿಗೆಯಲ್ಲಿ ಒತ್ತಿ ಚೌಕ ಮಾಡಿದ್ದಾರೆ. ಮೈಗೆ ಸುತ್ತಿದ ಎರಡು ಕಾಗದದ ಪಟ್ಟಿ, ಒಂದರ ಮೇಲೆ ಆ ಸಿಗಾರಿನದೇ ಕ್ರಮಸಂಖ್ಯೆ. ನಕಲಿಯಿಂದ ಕಾಪಾಡಿಕೊಳ್ಳುವ ಉಪಾಯ ಅದು. ಒದ್ದೆ ಕಾಗದ ಒತ್ತಿದೆ, ಚಹಾದ ಕಲೆಯಷ್ಟೇ ಬಂತು.

ರುಚಿ ನೋಡುವವರು ಸಿಗಾರನ್ನು ಮೂರು ಪಾಲು ಮಾಡಿ ಬರೆಯುತ್ತಾರೆ. ಉರಿಯುತ್ತ ಬಂದಂತೆ ಎಣ್ಣೆ, ತೇವ, ನಿಕೋಟಿನ್ ಎಲ್ಲ ತಲೆಯ ಕಡೆ ಸರಿದು ಸೇರಿಕೊಳ್ಳುವುದರಿಂದ ರುಚಿ ಬದಲಾಗುತ್ತಲೇ ಹೋಗುತ್ತದೆ. ಬದಲಾಗದೆ ಒಂದೇ ರುಚಿ ಎಳೆದರೆ ಅದು ದೊಡ್ಡ ಕುಂದು.

ಮೊದಲ ಪಾಲಿನಲ್ಲಿ ಮೂಗಿಗೆ ಕರಿಮೆಣಸು ಚುರುಕ್ಕೆಂದಿತು, ಮೂರನೇ ದಮ್ಮಿಗೆ ಅದು ಹಿಂದೆ ಸರಿದು ಸಕ್ಕರೆ ಹಾಕದ ಕೋಕೋ ಮುಂದೆ ಬಂತು. ತುಟಿಯ ಮೇಲೆ ತೆಳುವಾದ ಸಿಹಿ. ಬೂದಿ ಬಿಗಿಯಾಗಿ ಒಂದಿಂಚು ನಿಂತಿತು, ಬಣ್ಣ ಬೂದು. ಬೂದಿ ಬೆಳ್ಳಗಿದ್ದರೆ ಉತ್ತಮ ಸಿಗಾರ್ ಎನ್ನುವ ನಂಬಿಕೆ ಎಲ್ಲ ಕಡೆ ಇದೆ. ಬಿಳುಪು ಬರುವುದು ಮಣ್ಣಿನ ಮೆಗ್ನೀಸಿಯಂನಂಥ ಖನಿಜಗಳಿಂದ, ಅದಕ್ಕೆ ನಾನು ಅಂಕ ಕೊಡುವುದಿಲ್ಲ. ಬೂದಿ ಗಟ್ಟಿಯಾಗಿ ನಿಂತಿತೇ ಎನ್ನುವುದನ್ನು ಮಾತ್ರ ನೋಡುತ್ತೇನೆ, ಅದು ಉದ್ದ ಎಲೆಯ ಹೂರಣಕ್ಕೂ ಸುತ್ತಿದ ಕೈಗೂ ಸಾಕ್ಷಿ.

ಎರಡನೇ ಪಾಲು ಈ ಸಿಗಾರಿನ ಜೀವ. ಅರ್ಧ ಗಂಟೆಯ ಮೇಲೆ ಹೊಗೆ ದಪ್ಪಗಾಯಿತು, ಬಾಯಲ್ಲಿ ಕೆನೆಯಂತೆ ಕೂತಿತು. ಆಗಷ್ಟೇ ಹುರಿದ ಕಾಫಿ ಬೀಜ, ಅದರ ಹಿಂದೆ ಕಾಕಂಬಿ, ಕೊನೆಯಲ್ಲಿ ಸಿಪ್ಪೆಸಮೇತ ಹುರಿದ ಕಡಲೆಕಾಯಿ. ಹೊಗೆ ಬಿಟ್ಟ ಮೇಲೂ ಈ ಸಿಹಿ ನಾಲಗೆಯ ಬುಡದಲ್ಲಿ ಉಳಿಯಿತು. ಗಡಿಯಾರ ನೋಡಿಕೊಂಡು ಎಣಿಸಿದೆ, ನಲವತ್ತು ಸೆಕೆಂಡಿನ ಮೇಲೆ. ದಮ್ಮಿನ ನಂತರ ಉಳಿಯುವ ಈ ಕೊನೆರುಚಿ ಸಿಗಾರಿನ ಗುಣ ಹೇಳುವ ದೊಡ್ಡ ಅಳತೆಗೋಲು. ಕಳಪೆ ಎಲೆಯ ಕೊನೆರುಚಿ ಬಾಯಿ ಒಣಗಿಸುತ್ತದೆ, ನೀರು ಬೇಡುತ್ತದೆ. ಒಳ್ಳೆಯದು ಬಾಯಲ್ಲಿ ನೀರೂರಿಸುತ್ತದೆ. ಇಲ್ಲೇ ಒಂದು ಕಡೆ ಉರಿ ಓರೆಯಾಯಿತು. ದಪ್ಪ ಎಲೆಯ ಮದೂರೊದಲ್ಲಿ ಇದು ಮಾಮೂಲು. ಹಿಂದೆ ಬಿದ್ದ ಬದಿಗೆ ಒಮ್ಮೆ ಲೈಟರ್ ತಾಕಿಸಿದೆ, ಸರಿಹೋಯಿತು. ಎರಡು ಮೂರು ಸಲ ತಿದ್ದಿದರೂ ಒಂದು ಬದಿ ದೋಣಿಯಂತೆ ಉಳಿದರೆ, ಇಲ್ಲವೇ ಹೂರಣ ಬೇಗ ಉರಿದು ಹೊರಸುತ್ತು ಸುರಂಗದಂತೆ ನಿಂತರೆ ಆಗ ಅಂಕ ಕಳೆಯಿರಿ. ಲಿಗೆರೊ ನಿಧಾನ ಉರಿಯುವ ಎಲೆ, ಅದನ್ನು ಸರಿಯಾಗಿ ನಡುವೆ ಕೂರಿಸದಿದ್ದರೆ ಹೀಗಾಗುತ್ತದೆ. ಅತಿ ತೇವದಲ್ಲಿ ಇಟ್ಟರೂ ಹೀಗಾಗುತ್ತದೆ, ಆಗ ತಪ್ಪು ನಮ್ಮದು.

ಕೊನೆಯ ಪಾಲಿನಲ್ಲಿ ಮಣ್ಣು, ಚರ್ಮ, ಅತಿಯಾಗಿ ಹುರಿದ ಕಾಫಿಯ ಕಹಿ. ಮೆಣಸು ಮರಳಿ ಬಂತು. ಕಹಿ ಇತ್ತು, ಕಟು ಇರಲಿಲ್ಲ. ಹಾಗಲಕಾಯಿಯ ಕಹಿ ಬೇರೆ, ಔಷಧದ ಕಹಿ ಬೇರೆ ಎಂದು ತಿಳಿದ ನಮಗೆ ಈ ವ್ಯತ್ಯಾಸ ಹೇಳಿಕೊಡಬೇಕಾಗಿಲ್ಲ. ಬೆರಳಿಗೆ ಬಿಸಿ ತಟ್ಟುವ ಮೊದಲೇ ಬೂದಿತಟ್ಟೆಯಲ್ಲಿಟ್ಟು ಬಿಟ್ಟೆ. ಸಿಗಾರನ್ನು ಸಿಗರೇಟಿನಂತೆ ಹೊಸಕಬಾರದು, ಹೊಸಕಿದರೆ ಮನೆಯೆಲ್ಲ ನಾರುತ್ತದೆ. ತಾನಾಗಿ ಆರುತ್ತದೆ.

ಅಂಕ ಕೊಡುವ ಬಗೆ

1992ರಿಂದ ಹೊರಬರುತ್ತಿರುವ ಅಮೆರಿಕದ 'ಸಿಗಾರ್ ಅಫಿಸಿಯೊನಾಡೊ' ಪತ್ರಿಕೆ ಪಟ್ಟಿ ಕಿತ್ತು, ಯಾರ ಸಿಗಾರ್ ಎಂದು ತಿಳಿಯದಂತೆ ಮಾಡಿ ರುಚಿ ನೋಡುತ್ತದೆ. ನೂರು ಅಂಕದಲ್ಲಿ ನೋಟ ಮತ್ತು ಕಟ್ಟಣೆಗೆ 15, ರುಚಿಗೆ 25, ಉರಿಯುವ ಬಗೆಗೆ 25, ಒಟ್ಟು ಅನುಭವಕ್ಕೆ 35. ನಾನು ಇದೇ ಲೆಕ್ಕ ಇಟ್ಟುಕೊಂಡು ಒಂದು ಬದಲಾವಣೆ ಮಾಡಿಕೊಂಡಿದ್ದೇನೆ: ರುಚಿಗೆ 35, ಒಟ್ಟು ಅನುಭವಕ್ಕೆ 25. ಒಟ್ಟು ಅನುಭವದಲ್ಲಿ ಬೆಲೆಯ ಮೋಹ, ತಂದವರ ಮೇಲಿನ ಪ್ರೀತಿ, ಅಂದಿನ ಸಂಜೆಯ ತಂಪು ಎಲ್ಲ ನುಸುಳಿಬಿಡುತ್ತವೆ. ಸಾಧ್ಯವಾದರೆ ನೀವೂ ಪಟ್ಟಿ ತೆಗೆದುಕೊಡಲು ಮನೆಯವರಿಗೆ ಹೇಳಿ. ಒಂದೇ ಸಿಗಾರಿನ ಮೇಲೆ ತೀರ್ಪು ಕೊಡಬೇಡಿ. ಕೈಯಲ್ಲಿ ಸುತ್ತಿದ್ದು ಒಂದಿದ್ದಂತೆ ಇನ್ನೊಂದಿರುವುದಿಲ್ಲ. ಅದೇ ಪೆಟ್ಟಿಗೆಯ ಇನ್ನೊಂದನ್ನು ಬೇರೆ ದಿನ ಸೇದಿ ನೋಡಿದ ಮೇಲೆ ಬರೆಯಿರಿ. ಹಾಗೆಯೇ ಮದೂರೊವನ್ನು ಅದೇ ಸಾಲಿನ ತಿಳಿ ಹೊರಸುತ್ತಿನ ಸಿಗಾರಿನೊಂದಿಗೆ ಹೋಲಿಸಿ. ಹೂರಣ ಒಂದೇ ಬಗೆಯದಿದ್ದು ಮೇಲಿನ ಎಲೆ ಮಾತ್ರ ಬೇರೆಯಾದಾಗ ಮಾಗಿದ ಎಲೆ ಏನು ಮಾಡುತ್ತದೆಂಬುದು ಒಂದೇ ಸಲಕ್ಕೆ ತಿಳಿಯುತ್ತದೆ.

ನಾನು ಎರಡನೆಯದನ್ನು ಸೇದಿದ್ದು ಆರು ವಾರದ ಮೇಲೆ. ಅದರಲ್ಲಿ ಉರಿ ಓರೆಯಾಗಲಿಲ್ಲ, ಮೆಣಸು ಸ್ವಲ್ಪ ಕಡಿಮೆ, ಕಾಕಂಬಿ ಸ್ವಲ್ಪ ಹೆಚ್ಚು. ನೋಟಕ್ಕೆ 13, ಉರಿಗೆ 22, ರುಚಿಗೆ 33, ಅನುಭವಕ್ಕೆ 24. ಒಟ್ಟು 92. ಹಚ್ಚಿದ್ದು ಸಂಜೆ ಐದೂಮುಕ್ಕಾಲಿಗೆ, ಕೆಳಗಿಟ್ಟಾಗ ಏಳು ಗಂಟೆ ಐದು ನಿಮಿಷ.